ಗದ್ದೆ ಬದುವಿನ ‘ಓಕ್‌ಲೀಫ್’ ಬಗ್ಗೆ

ಒಣ ಎಲೆಯಂಥ ಚಿಟ್ಟೆಯ ಫೋಟೋ ಹಾಕಿ ‘ನಮ್ಮ ಗದ್ದೆ ಬದುವಲ್ಲೂ ಓಕ್‌ಲೀಫ್ ಸಿಕ್ಕಿತು’ ಅಂತ ಬರೆದಿದ್ದೀರಿ. ಕೆಳಗೆ ಚಪ್ಪಾಳೆ ಬೇರೆ! ಬೇಜಾರು ಮಾಡ್ಕೋಬೇಡಿ ಮಾರಾಯ್ರೆ, ಅದು ಕಾಡಿನ ಓಕ್‌ಲೀಫ್ ಚಿಟ್ಟೆ ಅಲ್ಲ, ಪೀಕಾಕ್ ಪ್ಯಾನ್ಸಿ ಅನ್ನೋ ಬೇರೆ ಕಿತ್ತಳೆ ಚಿಟ್ಟೆ. ಡಿಸೆಂಬರ್ ಅಲ್ವಾ, ಒಣಗಾಲದ ರೂಪ. ಆಗಸ್ಟ್‌ನಲ್ಲಿ ಅದೇ ಬದುವಲ್ಲಿ ತೆಗೆದು ಹಾಕಿದ್ರಲ್ಲ, ರೆಕ್ಕೆಯಡಿ ಕಣ್ಣುಬೊಟ್ಟು ಇದ್ದದ್ದು, ಇದೂ ಅದೇ ಜಾತಿ. ನಾನೂ ಇದನ್ನೇ ಓಕ್‌ಲೀಫ್ ಅಂತ ಡೈರಿಯಲ್ಲಿ ಬರೆದುಕೊಂಡು ಎರಡು ವರ್ಷ ಮೆರೆದವನು.

ಮುಚ್ಚಿದ ರೆಕ್ಕೆ ನೋಡಿ ಹೆಸರು ಹೇಳಲೇಬೇಡಿ. ಒಣಗಾಲದಲ್ಲಿ ಮುಂರೆಕ್ಕೆ ತುದಿ ಕೊಕ್ಕೆಯಾಗುತ್ತೆ, ಹಿಂರೆಕ್ಕೆಗೆ ಚೂರು ಬಾಲ ಬರುತ್ತೆ, ನಡುವೆ ಎಲೆ ನರದಂಥ ಗೆರೆ. ಆದರೆ ಮೇಲ್ಭಾಗ ಎರಡೂ ಕಾಲಕ್ಕೆ ಅದೇ ಕಿತ್ತಳೆ, ಹಿಂರೆಕ್ಕೆ ಮೇಲೆ ಅದೇ ದೊಡ್ಡ ಕಣ್ಣು. ಓಕ್‌ಲೀಫ್ ರೆಕ್ಕೆ ಬಿಚ್ಚಿದರೆ ನೀಲಿ. ಅದು ಹೆಚ್ಚುಕಮ್ಮಿ ಅಂಗೈಯಗಲ, ಕಾಡಲ್ಲಿ ಮರದ ಕಾಂಡಕ್ಕೆ ತಲೆಕೆಳಗಾಗಿ ಕೂರೋ ಗಿರಾಕಿ. ಬಟಾಬಯಲಲ್ಲಿ ಬಿಸಿಲು ಕಾಯ್ತಾ ಅದಕ್ಕೇನು ಕೆಲಸ? ಜೀವಿಗಳಿಗೆ ಶಾಸ್ತ್ರೀಯ ಹೆಸರಿಟ್ಟ ಲಿನೇಯಸ್ ಕೂಡ 1758ರಲ್ಲಿ ಈ ಪ್ಯಾನ್ಸಿಯನ್ನ ಎರಡು ಜಾತಿ ಅಂದ್ಕೊಂಡು, ಒಣಗಾಲದ್ದಕ್ಕೆ ಆಲ್ಮಾನ, ಮಳೆಗಾಲದ್ದಕ್ಕೆ ಆಸ್ಟೆರಿ ಅಂತ ಎರಡು ಹೆಸರಿಟ್ಟು ಕೂತಿದ್ದ.

ಈವ್ನಿಂಗ್ ಬ್ರೌನ್ ಅನ್ನೋ ಮುಸ್ಸಂಜೆಯ ಕಂದು ಚಿಟ್ಟೆ ಇದಕ್ಕಿಂತ ದೊಡ್ಡ ತಲೆನೋವು. ಒಣಗಾಲದಲ್ಲಿ ಅದರ ರೆಕ್ಕೆಯಡಿಯ ಕಣ್ಣುಬೊಟ್ಟುಗಳು ಬರೀ ಚುಕ್ಕೆಯಾಗಿಬಿಡ್ತವೆ, ಬಣ್ಣವಂತೂ ಒಂದರ ಹಾಗೆ ಇನ್ನೊಂದಿಲ್ಲ. ನನ್ನ ಮದ್ದು ಒಂದೇ: ಅದರ ಹುಳ (ಚಿಟ್ಟೆಯಾಗೋ ಮುಂಚಿನ ಮರಿ) ತಂದು ಸಾಕಿ. ಭತ್ತದ ಗರಿಯಲ್ಲಿ ಹಸಿರು ಹುಳ, ತಲೆಗೆ ಎರಡು ಕೊಂಬು ಇರುತ್ತಲ್ಲ, ಅದೇ. ಒಂದು ಡಿಸೆಂಬರ್‌ನಲ್ಲಿ ಮೂರು ಹುಳ ತಂದೆ. ಚಳಿಗೆ ಸಾಯಬಾರದು ಅಂತ ಬಾಟ್ಲಿ ತಗೊಂಡುಹೋಗಿ ಬಚ್ಚಲ ಒಲೆ ಪಕ್ಕದ ಗೂಡಲ್ಲಿಟ್ಟೆ. ದಿನಾ ಬೆಚ್ಚಗೆ, ಹಬೆ ಬೇರೆ. ಒಂದು ಬೂಸ್ಟು ಹಿಡಿದು ಸತ್ತಿತು. ಉಳಿದೆರಡು ಹೊರಗೆ ಬಂದಾಗ ನೋಡ್ತೀನಿ, ರೆಕ್ಕೆಯಡಿ ಸಾಲಾಗಿ ಕಣ್ಣುಗಳು, ಪಕ್ಕಾ ಮಳೆಗಾಲದ ವೇಷ! ಅಂಗಳದಲ್ಲಿ ಹಾರೋವೆಲ್ಲ ಒಣಗಿದ ಎಲೆ, ನನ್ನವೆರಡು ಆಷಾಢದ ಅತಿಥಿಗಳು. ಯಾವ ರೂಪ ಅನ್ನೋದು ಹುಳವಾಗಿದ್ದಾಗಲೇ ಬಹುಪಾಲು ತೀರ್ಮಾನವಾಗುತ್ತೆ, ಶಾಖವೂ ಅದಕ್ಕೊಂದು ಕಾರಣ ಅಂತ ಆಮೇಲೆ ಓದಿ ತಿಳ್ಕೊಂಡೆ. ಹಾರಾಡೋ ಚಿಟ್ಟೆ ನಡುವೆ ಬಟ್ಟೆ ಬದಲಾಯಿಸಲ್ಲ. ಅದಕ್ಕೇ ಬಾಟ್ಲಿ ಜಗಲಿಯಲ್ಲೇ ಇರಲಿ, ಬಿಸಿಲು ಬೀಳಬಾರದು. ಮುಚ್ಚಳದ ಬದಲು ಹಳೇ ಪಂಚೆ ತುಂಡು ಕಟ್ಟಿ. ಭತ್ತದ ಗರಿ ತರುವಾಗ ಔಷಧಿ ಹೊಡೆದ ಗದ್ದೆಯದ್ದು ಬೇಡ. ಒಂದೇ ದಿನಕ್ಕೆ ಎಲ್ಲಾ ಮುಗಿದುಹೋಗುತ್ತೆ, ಅದೂ ಅನುಭವವೇ.

ಅಕ್ಟೋಬರ್-ನವೆಂಬರ್‌ನಲ್ಲಿ ಮಾತ್ರ ನನ್ನನ್ನೂ ನಂಬಬೇಡಿ. ಎರಡೂ ರೂಪ ಒಟ್ಟಿಗೆ ಹಾರ್ತವೆ, ಅರ್ಧಂಬರ್ಧ ಕಣ್ಣಿನವೂ ಸಿಗ್ತವೆ. ಅದಕ್ಕೇ ತಾರೀಕು, ಊರು ಹಾಕದ ಫೋಟೋಗೆ ನಾನು ಉತ್ತರ ಕೊಡೋದೇ ಬಿಟ್ಟಿದ್ದೀನಿ. ಮೊಬೈಲ್ ಆ್ಯಪ್ ಹೇಳಿತು ಅಂತ ವಾದಕ್ಕೆ ಬರಬೇಡಿ, ಅದು ನೋಡೋದು ನೀವು ಕೊಟ್ಟ ಒಂದು ಮಗ್ಗುಲನ್ನ. ‘ಬಟರ್‌ಫ್ಲೈಸ್ ಆಫ್ ಇಂಡಿಯಾ’ ಜಾಲತಾಣದಲ್ಲಿ ತಾರೀಕು, ಜಾಗದ ಸಮೇತ ಫೋಟೋಗಳಿವೆ, ಪಕ್ಕದಲ್ಲಿಟ್ಟು ನೋಡಿ. ಇನ್ನು ಕ್ಯಾಮೆರಾ ಲೆನ್ಸಿನ ಮುಂದೆ ಸಿಕ್ಕಿಸಿ ಚಿಕ್ಕದನ್ನ ದೊಡ್ಡದಾಗಿ ತೆಗೆಯೋ ರೇನಾಕ್ಸ್ 250 ತಗೊಳ್ಳಲಾ ಅಂತ ಕೇಳಿದ್ರಿ. ಮೊಟ್ಟೆ, ಹುಳಕ್ಕೆ ಬಂಗಾರ, ಚಿಟ್ಟೆಗೆ ಬೇಡ. ಗೇಣಿಗಿಂತ ಹತ್ತಿರ ಹೋಗಬೇಕು, ಅಷ್ಟೊತ್ತಿಗೆ ಅದು ಪಕ್ಕದ ಗದ್ದೆಯಲ್ಲಿರುತ್ತೆ.

ನಾಳೆ ಇಬ್ಬನಿ ಆರಿದ ಮೇಲೆ ಅದೇ ಬದುವಿಗೆ ಹೋಗಿ. ನಿಮ್ಮ ನೆರಳು ಬೀಳದ ಕಡೆ ಕೂತರೆ ಪ್ಯಾನ್ಸಿ ತಾನಾಗೇ ರೆಕ್ಕೆ ಬಿಚ್ಚುತ್ತೆ, ಓಡಿಸಬೇಡಿ. ಈವ್ನಿಂಗ್ ಬ್ರೌನ್ ಬೇಕಾದರೆ ಕೊಳೆತ ಬಾಳೆಹಣ್ಣನ್ನ ಮುಸ್ಸಂಜೆಗೆ ಕೊಟ್ಟಿಗೆ ಹಿಂದಿನ ನೆರಳಲ್ಲಿ ತೂಗುಹಾಕಿ. ದಾರಕ್ಕೆ ಚೂರು ಬೇವಿನೆಣ್ಣೆ ಸವರಿ, ಇಲ್ಲದಿದ್ರೆ ಇರುವೆ ಜಾತ್ರೆ.