ಲೀಡರ್‌ಶಿಪ್ ಫ್ಲೋರಿಡಾ ಅಂದ್ರೆ ಏನು, ಕನ್ನಡ ಕೂಟ ನಡೆಸೋರು ಸೇರಬಹುದಾ?

ಹೆಸರು ಕೇಳಿದ್ರೆ ಪರ್ಸನಾಲಿಟಿ ಡೆವಲಪ್‌ಮೆಂಟ್ ಕ್ಲಾಸ್ ಅನ್ಸುತ್ತೆ, ಆದ್ರೆ ಮೈಕ್ ಹಿಡಿದು ಮಾತಾಡೋದು ಕಲಿಸೋ ಜಾಗ ಅಲ್ಲ ಇದು. ಅಮೆರಿಕದ ಫ್ಲೋರಿಡಾ ರಾಜ್ಯದಲ್ಲಿ 1982ರಲ್ಲಿ ಅಲ್ಲಿನ ವ್ಯಾಪಾರಿಗಳ ಸಂಘ, ಅಂದ್ರೆ ಫ್ಲೋರಿಡಾ ಚೇಂಬರ್ ಆಫ್ ಕಾಮರ್ಸ್ ಕಡೆಯಿಂದ ಶುರುವಾದ ಪ್ರೋಗ್ರಾಂ ಇದು, ಈಗಾಗ್ಲೇ ತಮ್ಮೂರಲ್ಲಿ ಒಂದು ಲೆವೆಲ್‌ಗೆ ಬಂದಿರೋ ವಕೀಲರು, ಬಿಸಿನೆಸ್‌ನೋರು, ಎನ್‌ಜಿಓ ನಡೆಸೋರು, ಸರ್ಕಾರಿ ಅಧಿಕಾರಿಗಳು ಇಂಥವರನ್ನ ಆರಿಸಿ ಒಂದು ಬ್ಯಾಚ್ ಮಾಡ್ತಾರೆ, ಆಮೇಲೆ ಆ ಬ್ಯಾಚ್ ಬೇರೆ ಬೇರೆ ಊರಲ್ಲಿ ಕೆಲವು ದಿನ ಸೇರಿ ಶಿಕ್ಷಣ, ನೀರು, ಆರ್ಥಿಕತೆ ಅಂತ ಇಡೀ ರಾಜ್ಯದ ವಿಷಯ ಚರ್ಚೆ ಮಾಡುತ್ತೆ.

ಯಾಕೆ ಬೇಕಿತ್ತು ಅಂದ್ರೆ ಮ್ಯಾಪ್ ನೋಡಿ. 67 ಕೌಂಟಿ (ನಮ್ಮ ಜಿಲ್ಲೆ ಥರ) ಇರೋ ಉದ್ದನೆ ರಾಜ್ಯ, ಪಶ್ಚಿಮದ ತುದೀಲಿರೋ ಪೆನ್ಸಕೋಲಾದಲ್ಲಿ ಗಡಿಯಾರನೇ ಮಯಾಮಿಗಿಂತ ಒಂದು ಗಂಟೆ ಹಿಂದೆ! ಓಕಿಚೋಬಿ ಕೆರೆ ತುಂಬಿದಾಗ ನೀರು ಬಿಟ್ರೆ ಎರಡೂ ಕರಾವಳಿಯ ಮೀನುಗಾರರಿಗೆ ತೊಂದ್ರೆ, ಬಿಡದಿದ್ರೆ ಏರಿ ಒಡೆಯೋ ಭಯ, ದಕ್ಷಿಣದಲ್ಲಿ ಕಬ್ಬಿನ ಗದ್ದೆ, ಅದರಾಚೆ ನೀರಿಗೆ ಕಾಯ್ತಿರೋ ಎವರ್‌ಗ್ಲೇಡ್ಸ್ ಅನ್ನೋ ದೊಡ್ಡ ಜೌಗು ಪ್ರದೇಶ. ನಮ್ಮ ಕಾವೇರಿ ಜಗಳದ ಥರಾನೇ ಅನ್ಕೊಳ್ಳಿ, ಆದ್ರೆ ಒಂದೇ ರಾಜ್ಯದೊಳಗೆ. ಇಂಥದ್ರಲ್ಲಿ ಎದುರಾಳಿಗಳು ಒಂದೇ ಟೇಬಲ್ಲಲ್ಲಿ ಊಟ ಮಾಡಿರೋದೇ ದೊಡ್ಡ ಲಾಭ ಅಂತ ನನ್ನ ಲೆಕ್ಕ.

ಇನ್ನು ಕೂಟದ ವಿಷಯ. ಅರ್ಜಿ ಹಾಕಬಹುದು, ಆದ್ರೆ ಬರೀ ಯುಗಾದಿ ಪ್ರೋಗ್ರಾಂ ಮಾಡಿಸಿದ್ದೀನಿ ಅಂದ್ರೆ ಕಷ್ಟ. ಸ್ಕೂಲ್ ಬೋರ್ಡ್, ಫುಡ್ ಬ್ಯಾಂಕ್ ಥರ ಹೊರಗಿನ ಸಮಾಜದಲ್ಲೂ ಕೆಲಸ ಮಾಡಿದ್ರೆ ಅರ್ಜಿಗೆ ತೂಕ ಬರುತ್ತೆ. ಫೀಸ್ ಕೈಯಿಂದ ಕಟ್ಟೋಕೆ ಮುಂಚೆ ಆಫೀಸಲ್ಲಿ ಸ್ಪಾನ್ಸರ್ ಮಾಡ್ತಾರಾ ಕೇಳಿ ನೋಡಿ.