ಮೊದಲು ಮೀಟರ್ ಓದು, ತಮ್ಮಾ

ತಮ್ಮಾ, ನೀನು ಹುಮನಾಬಾದಿನಿಂದ ಇಂಗ್ಲೆಂಡಿನ ಲೆಸ್ಟರಿಗೆ ಬಂದು ನಾಲ್ಕು ತಿಂಗಳಾಯಿತೆಂದೂ, ಗ್ಯಾಸಿನ ದರ ಇಳಿಯಿತೆಂದು ಟಿ.ವಿ.ಯಲ್ಲಿ ಹೇಳುತ್ತಿದ್ದರೂ ನಿನ್ನ ಖಾತೆಯಿಂದ ತಿಂಗಳು ತಿಂಗಳೂ ಅಷ್ಟೇ ಹಣ ಹೋಗುತ್ತಿದೆಯೆಂದೂ ಬರೆದಿದ್ದೀ. ಕಂಪನಿಯವರು ಮೋಸ ಮಾಡುತ್ತಿದ್ದಾರೆಯೇ, ಈ ಚಳಿಗಾಲ ಹೀಟಿಂಗ್ ಬಂದ್ ಮಾಡಿಕೊಂಡು ದಿನ ತೆಗೆದರೆ ನಾಲ್ಕು ಕಾಸು ಉಳಿದೀತೇ ಎಂದು ಕೇಳಿದ್ದೀ. ಜೋಳದ ಹಿಟ್ಟು ಮತ್ತು ಮಗಳ ಶಾಲೆಯ ಬಗ್ಗೆಯೂ ಕೇಳಿದ್ದೀ. ಹಿಟ್ಟು ಬೆಲ್‌ಗ್ರೇವ್ ರಸ್ತೆಯ ಗುಜರಾತಿ ಅಂಗಡಿಗಳಲ್ಲಿ ‘ಜುವಾರ್’ ಎಂದು ಕೇಳಿದರೆ ಸಿಗುತ್ತದೆ. ಅದಕ್ಕೆ ನಮ್ಮ ಬಿಳಿಜೋಳದ ಜಿಗಿ ಇಲ್ಲ. ಶಾಲೆಗೆ ನಗರಸಭೆಯ ಮೂಲಕ ಅರ್ಜಿ ಹಾಕಬೇಕು. ಬಿಲ್ಲಿನ ವಿಷಯವನ್ನು ಮಾತ್ರ ವಿವರವಾಗಿ ಬರೆಯುತ್ತೇನೆ, ಏಕೆಂದರೆ ಅದರಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡುವ ದಾರಿಯಲ್ಲಿದ್ದೀ ಎಂದು ನಿನ್ನ ಪತ್ರ ಓದಿದಾಗ ಅನ್ನಿಸಿತು.

ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತೇನೆ. ಕಲಬುರಗಿಯ ನೆಹರು ಗಂಜಿಗೆ ಹೊಸ ತೊಗರಿ ಬಂದು ದರ ಕುಸಿದ ದಿನವೇ ಬ್ರಹ್ಮಪುರದ ಕಿರಾಣಿ ಅಂಗಡಿಯಲ್ಲಿ ಬೇಳೆ ಅಗ್ಗವಾದದ್ದನ್ನು ಯಾರೂ ಕಂಡಿಲ್ಲ. ಅಂಗಡಿಯವನ ಹತ್ತಿರ ಇರುವುದು ಮೊದಲೇ ಹೆಚ್ಚು ದರಕ್ಕೆ ತಂದಿಟ್ಟ ಚೀಲ. ಅದು ಖಾಲಿಯಾಗುವವರೆಗೆ ಹಳೆಯ ದರವೇ ನಡೆಯುತ್ತದೆ. ಇಲ್ಲಿಯ ಗ್ಯಾಸ್ ಕಂಪನಿಗಳೂ ಮುಂದಿನ ಚಳಿಗಾಲಕ್ಕೆ ಬೇಕಾದ ಗ್ಯಾಸನ್ನು ಹಲವು ತಿಂಗಳು ಮುಂಚಿತವಾಗಿಯೇ ದರ ಗೊತ್ತುಮಾಡಿ ಕಾಯ್ದಿರಿಸುತ್ತವೆ. ಆಫ್‌ಜೆಮ್ ಎಂಬ ನಿಯಂತ್ರಣ ಸಂಸ್ಥೆ ಮೂರು ತಿಂಗಳಿಗೊಮ್ಮೆ ‘ಪ್ರೈಸ್ ಕ್ಯಾಪ್’ ಎಂದು ಮಿತಿ ಗೊತ್ತುಪಡಿಸುವಾಗಲೂ ಹಿಂದಿನ ತಿಂಗಳುಗಳ ಸಗಟು ದರದ ಸರಾಸರಿಯನ್ನೇ ಲೆಕ್ಕಕ್ಕೆ ಹಿಡಿಯುತ್ತದೆ. ಹಾಗಾಗಿ ಇಂದು ಸುದ್ದಿಯಲ್ಲಿ ಇಳಿದ ದರ ನಿನ್ನ ಮನೆ ಬಾಗಿಲಿಗೆ ಬರುವಷ್ಟರಲ್ಲಿ ಋತು ಬದಲಾಗಿರುತ್ತದೆ, ಅದೂ ಪೂರ್ತಿಯಾಗಿ ಬರುವುದಿಲ್ಲ. ಬಿಲ್ಲಿನಲ್ಲಿ ಗ್ಯಾಸು, ಕರೆಂಟುಗಳ ಸಗಟು ಬೆಲೆ ಸರಿಸುಮಾರು ಅರ್ಧ ಭಾಗ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ. ಉಳಿದದ್ದು ಕೊಳವೆ ಮತ್ತು ತಂತಿಗಳ ನಿರ್ವಹಣೆ, ಕಂಪನಿಯ ಖರ್ಚು, ಸರ್ಕಾರದ ಯೋಜನೆಗಳಿಗೆ ಹೋಗುವ ಪಾಲು, ಅದರ ಮೇಲೆ ಶೇಕಡಾ 5 ವ್ಯಾಟ್. 2020ರ ಮೇ ತಿಂಗಳಲ್ಲಿ ಕಚ್ಚಾ ತೈಲ ಪಾತಾಳಕ್ಕೆ ಇಳಿದಿದ್ದಾಗ ಕೇಂದ್ರ ಸರ್ಕಾರ ಪೆಟ್ರೋಲಿನ ಮೇಲೆ ಲೀಟರಿಗೆ 10 ರೂಪಾಯಿ, ಡೀಸೆಲ್ ಮೇಲೆ 13 ರೂಪಾಯಿ ಸುಂಕ ಏರಿಸಿದ್ದು, ನಮ್ಮೂರ ಪಂಪುಗಳಲ್ಲಿ ದರ ಇಳಿಯದೇ ಉಳಿದದ್ದು ನಿನಗೆ ನೆನಪಿರಬೇಕು. ಅಲ್ಲಿ ಕಾರಣ ಬೇರೆ, ಆದರೆ ಮೂಲದಲ್ಲಿ ಇಳಿದದ್ದು ಗಿರಾಕಿಯ ಕೈಗೆ ಬಾರದಿರುವುದು ಒಂದೇ.

ಟಿ.ವಿ.ಯಲ್ಲಿ ಹೇಳುವ ದೊಡ್ಡ ಅಂಕಿಯೂ ಹೊಸಬರನ್ನು ದಾರಿ ತಪ್ಪಿಸುತ್ತದೆ. ಮಿತಿ ಇರುವುದು ಯೂನಿಟ್ಟಿನ ದರಕ್ಕೆ ಮತ್ತು ದಿನದ ಶುಲ್ಕಕ್ಕೆ. ನಿನ್ನ ಒಟ್ಟು ಬಿಲ್ಲಿಗೆ ಯಾವ ಮಿತಿಯೂ ಇಲ್ಲ. ಅವರು ಹೇಳುವುದು ಸಾಧಾರಣ ಮನೆಯೊಂದು ವರ್ಷಕ್ಕೆ ಬಳಸುವಷ್ಟರ ಲೆಕ್ಕ. 2021ರ ಅಕ್ಟೋಬರಿನಲ್ಲಿ ಅದು 1,277 ಪೌಂಡ್ ಇತ್ತು. ರಷ್ಯಾ ಉಕ್ರೇನಿನ ಮೇಲೆ ಯುದ್ಧಕ್ಕೆ ಹೋದ ವರ್ಷ, 2022ರ ಅಕ್ಟೋಬರಿಗೆ, 3,549ಕ್ಕೆ ಏರಬೇಕಿತ್ತು. ಸರ್ಕಾರ ನಡುವೆ ಬಂದು 2,500ರ ಹತ್ತಿರ ಹಿಡಿದು ನಿಲ್ಲಿಸಿತು. 2024ರ ಜುಲೈಗೆ ಅದು 1,568ಕ್ಕೆ ಇಳಿಯಿತು. ಆ ಹೊತ್ತಿಗೆ ಸಗಟು ಗ್ಯಾಸು 2022ರ ಆಗಸ್ಟಿನ ಶಿಖರದ ಕಾಲು ಭಾಗಕ್ಕಿಂತ ಕೆಳಗೆ ಬಂದಿತ್ತು, ಆದರೂ ಮನೆಯ ಬಿಲ್ಲು ಹಳೆಯ ಜಾಗಕ್ಕೆ ಮರಳಲಿಲ್ಲ.

ಅದಕ್ಕೆ ಒಂದು ಕಾರಣ ‘ಸ್ಟ್ಯಾಂಡಿಂಗ್ ಚಾರ್ಜ್’. ನಮ್ಮ ಜೆಸ್ಕಾಂ ಕರೆಂಟು ಬಿಲ್ಲಿನ ನಿಗದಿತ ಶುಲ್ಕದಂತೆ ಇದು. ನೀನು ಒಂದು ತಿಂಗಳು ಮನೆಗೆ ಬೀಗ ಹಾಕಿ ಊರಿಗೆ ಹೋದರೂ ದಿನದ ಲೆಕ್ಕದಲ್ಲಿ ಬೀಳುತ್ತಲೇ ಇರುತ್ತದೆ. 2021 ಮತ್ತು 2022ರ ನಡುವೆ ಇಲ್ಲಿ ಮೂವತ್ತರಷ್ಟು ಕಂಪನಿಗಳು ದಿವಾಳಿಯಾದವು. ಅವುಗಳ ಗಿರಾಕಿಗಳನ್ನು ಬೇರೆ ಕಂಪನಿಗಳಿಗೆ ಸೇರಿಸಿದ ಖರ್ಚನ್ನು ಈ ಶುಲ್ಕದ ಮೂಲಕವೇ ಎಲ್ಲ ಮನೆಗಳ ಮೇಲೂ ಹಂಚಲಾಯಿತು. ಇನ್ನು ಕರೆಂಟು. ಇಲ್ಲಿಯ ಸಗಟು ಮಾರುಕಟ್ಟೆಯಲ್ಲಿ ಬೇಡಿಕೆ ತುಂಬಲು ಕೊನೆಗೆ ಯಾವ ವಿದ್ಯುತ್ ಘಟಕ ಬೇಕಾಗುತ್ತದೆಯೋ ಅದರ ದರವೇ ಎಲ್ಲರ ದರವಾಗುತ್ತದೆ, ಮತ್ತು ಬಹಳಷ್ಟು ಸಲ ಆ ಕೊನೆಯ ಘಟಕ ಗ್ಯಾಸಿನದೇ ಆಗಿರುತ್ತದೆ. ಹಾಗಾಗಿ ಗಾಳಿಯಿಂದ ತೆಗೆದ ಕರೆಂಟಿನ ಬೆಲೆಗೂ ಗ್ಯಾಸಿನ ಬೆಲೆಯೇ ಮೂಗುದಾರ. ನಿನಗೆ ಉಪಯೋಗಕ್ಕೆ ಬರುವ ಮಾತೆಂದರೆ, ಬಿಲ್ಲಿನಲ್ಲಿ ಒಂದು ಯೂನಿಟ್, ಅಂದರೆ ಒಂದು ಕಿಲೋವ್ಯಾಟ್ ಗಂಟೆ, ಕರೆಂಟು ಅಷ್ಟೇ ಗ್ಯಾಸಿಗಿಂತ ಸುಮಾರು ನಾಲ್ಕು ಪಟ್ಟು ದುಬಾರಿ. ಗ್ಯಾಸಿನಲ್ಲಿ ನಡೆಯುವ ಬಾಯ್ಲರ್ ಬಂದ್ ಮಾಡಿ ಪ್ಲಗ್ಗಿಗೆ ಹಾಕುವ ಸಣ್ಣ ಹೀಟರ್ ತಂದಿದ್ದೇನೆ ಎಂದು ಬರೆದಿದ್ದೀಯಲ್ಲ, ಅದನ್ನು ಇವತ್ತೇ ತೆಗೆದಿಡು.

ಈಗ ನನ್ನ ವಿಷಯ. ನಾನು ಇಲ್ಲಿಗೆ ಬಂದದ್ದು 2006ರಲ್ಲಿ, ಊರಿನ ಹೆಸರು ಇನ್ನೂ ಗುಲ್ಬರ್ಗ ಎಂದಿದ್ದಾಗ. ಮೇ ತಿಂಗಳಲ್ಲಿ ತಣ್ಣಗಿನ ಶಹಾಬಾದ್ ಕಲ್ಲಿನ ನೆಲದ ಮೇಲೆ ಒದ್ದೆ ಪಂಚೆ ಹಾಸಿಕೊಂಡು ಮಲಗಿ ಬೆಳೆದವನಿಗೆ, ಮನೆಯನ್ನು ದುಡ್ಡು ಕೊಟ್ಟು ಬಿಸಿ ಮಾಡಬೇಕೆಂಬುದೇ ವಿಚಿತ್ರವಾಗಿತ್ತು. ಡೈರೆಕ್ಟ್ ಡೆಬಿಟ್‌ನಲ್ಲಿ ತಿಂಗಳಿಗೆ ಇಷ್ಟು ಎಂದು ಕಡಿತವಾಗುತ್ತಿತ್ತು. ಅದು ಹೆಚ್ಚೆನಿಸಿದಾಗಲೆಲ್ಲ ಥರ್ಮೋಸ್ಟಾಟ್ ಒಂದೊಂದು ಗೆರೆ ಇಳಿಸುತ್ತಿದ್ದೆ. ಮುಂದಿನ ತಿಂಗಳೂ ಅಷ್ಟೇ ಹಣ ಹೋಗುತ್ತಿತ್ತು, ನಾನು ಇನ್ನೂ ಒಂದು ಗೆರೆ ಇಳಿಸುತ್ತಿದ್ದೆ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮೀಟರ್ ಇತ್ತು. ಅದರ ಬಾಗಿಲಿಗೆ ಅಡ್ಡವಾಗಿ ನಾನೇ ಅಕ್ಕಿ ಚೀಲ ಇಟ್ಟಿದ್ದೆ.

2010ರ ನವೆಂಬರಿನಲ್ಲಿ ಅವ್ವನನ್ನು ಕರೆಸಿಕೊಂಡೆ. ಆ ಡಿಸೆಂಬರ್, 1910ರಿಂದ ಇಟ್ಟಿರುವ ದಾಖಲೆಯಲ್ಲೇ ಬ್ರಿಟನ್ನಿನ ಅತ್ಯಂತ ತಣ್ಣನೆಯ ಡಿಸೆಂಬರ್. ನಾನು ಬೆಳಿಗ್ಗೆ ಒಂದು ತಾಸು, ಸಂಜೆ ಒಂದು ತಾಸು ಮಾತ್ರ ಹೀಟಿಂಗ್ ಹಾಕುತ್ತಿದ್ದೆ. ಅವ್ವ ಕೇಳಲಿಲ್ಲ, ಮಗನ ಮನೆಯಲ್ಲಿ ಖರ್ಚಿನ ಮಾತೆತ್ತುವವಳಲ್ಲ ಅವಳು. ಊರಿನಿಂದ ತಂದ ಕೌದಿಯನ್ನು ಹೆಗಲ ಮೇಲೆ ಹೊದ್ದು ಅಡುಗೆಮನೆಯಲ್ಲೇ ಇರುತ್ತಿದ್ದಳು. ದಿನಕ್ಕೆರಡು ಸಲ ರೊಟ್ಟಿ ಬಡಿಯುತ್ತಿದ್ದಳು, ಬೇಕಿರಲಿ ಬೇಡದಿರಲಿ. ಎಷ್ಟೋ ದಿನಗಳ ಮೇಲೆ ಮಗನಿಗೆ ಬಡಿಸುವ ಸಂತೋಷವೆಂದು ನಾನು ತಿಳಿದು ಬಿಸಿ ರೊಟ್ಟಿ ಉಂಡು ಕೆಲಸಕ್ಕೆ ಹೋಗುತ್ತಿದ್ದೆ. ಜನವರಿಯ ಮೊದಲ ವಾರ ಎಳ್ಳಮವಾಸ್ಯೆ ಬಂತು. ಚರಗ ಚೆಲ್ಲಲು ಇಲ್ಲಿ ಹೊಲವೆಲ್ಲಿಯದು, ಆದರೂ ಅವ್ವ ಭಜ್ಜಿ, ಸಜ್ಜೆ ಕಡುಬು ಮಾಡಿದ್ದಳು. ಆ ದಿನ ನಾನು ಬೇಗ ಮನೆಗೆ ಬಂದೆ. ಅಡುಗೆ ಮುಗಿದು ಪಾತ್ರೆಗಳೆಲ್ಲ ಮುಚ್ಚಿದ್ದವು, ಒಲೆಯ ಮೇಲೆ ಬರಿಯ ಹಂಚು ಇತ್ತು, ಕೆಳಗೆ ಸಣ್ಣ ಉರಿ ಇತ್ತು, ಅವ್ವ ಎರಡೂ ಅಂಗೈಗಳನ್ನು ಹಂಚಿನ ಮೇಲೆ ಅಗಲಿಸಿ ಹಿಡಿದು ನಿಂತಿದ್ದಳು. ನನ್ನನ್ನು ನೋಡಿದವಳೇ ಉರಿ ಆರಿಸಿ, “ಇನ್ನೊಂದ್ ರೊಟ್ಟಿ ಮಾಡಬೇಕಂತಿದ್ದೆ, ಹಿಟ್ಟು ಮುಗೀತು ನೋಡು” ಅಂದಳು. ಹಿಟ್ಟಿನ ಡಬ್ಬಿ ಅವಳ ಹಿಂದೆಯೇ ಇತ್ತು, ಅರ್ಧ ತುಂಬಿತ್ತು.

ಆ ರಾತ್ರಿಯಿಂದ ಹೀಟಿಂಗ್ ಹಾಕಿದೆ. ಆದರೆ ಹದಿನೈದು ದಿನಕ್ಕೆ ಅವ್ವ ಊರಿಗೆ ಹೊರಟಳು, ಮತ್ತೆ ಬರಲಿಲ್ಲ. ಏಪ್ರಿಲಿನಲ್ಲಿ ಮೀಟರ್ ಓದುವವನು ಬಂದು, ನಾನು ಅಕ್ಕಿ ಚೀಲ ಸರಿಸಿ ಬಾಗಿಲು ತೆಗೆದುಕೊಟ್ಟ ಮೇಲೆ ಗೊತ್ತಾಯಿತು: ಕಂಪನಿ ಅಷ್ಟು ದಿನವೂ ನನಗಿಂತ ಮೊದಲು ಆ ಮನೆಯಲ್ಲಿದ್ದ ದೊಡ್ಡ ಕುಟುಂಬದ ಬಳಕೆಯ ಅಂದಾಜಿನ ಮೇಲೆ ಹಣ ಕಡಿಯುತ್ತಿತ್ತು. ನನ್ನ ಖಾತೆಯಲ್ಲಿ 412 ಪೌಂಡ್ ನನ್ನದೇ ಹಣ ಸುಮ್ಮನೆ ಕುಳಿತಿತ್ತು. ಇಡೀ ಚಳಿಗಾಲ ಮನೆಯನ್ನು ಬೆಚ್ಚಗಿಟ್ಟಿದ್ದರೂ ಅದು ಪೂರ್ತಿ ಕರಗುತ್ತಿರಲಿಲ್ಲ. ಗ್ಯಾಸು ಉಳಿಸಿ ಬಿಲ್ಲು ಇಳಿಸುತ್ತೇನೆಂದು ನಾನು ತಿಳಿದದ್ದೆಲ್ಲ ಅಂದಾಜಿನ ಬಿಲ್ಲಿಗೆ ತಟ್ಟಿಯೇ ಇರಲಿಲ್ಲ. ಅವ್ವನಿಗೆ ಈ ವಿಷಯ ಹೇಳಲು ನನಗೆ ಧೈರ್ಯ ಬರಲಿಲ್ಲ, ಈಗ ಅವಳಿಲ್ಲ.

ನಿನ್ನ ಪ್ರಶ್ನೆಗೆ ನೇರ ಉತ್ತರವೂ ಬಹುಶಃ ಇದರಲ್ಲೇ ಇದೆ. ಡೈರೆಕ್ಟ್ ಡೆಬಿಟ್ ವರ್ಷದ ಅಂದಾಜನ್ನು ಹನ್ನೆರಡು ಸಮಪಾಲು ಮಾಡಿ ಕಡಿಯುತ್ತದೆ; ಬೇಸಿಗೆಯಲ್ಲಿ ಜಮೆಯಾಗಿ ಚಳಿಗಾಲದಲ್ಲಿ ಖರ್ಚಾಗುತ್ತದೆ. ದರ ಇಳಿದ ಮಾತ್ರಕ್ಕೆ ಆ ಮೊತ್ತ ತಾನಾಗಿ ಇಳಿಯುವುದಿಲ್ಲ, ಕಂಪನಿ ಮತ್ತೆ ಲೆಕ್ಕ ಹಾಕಬೇಕು, ಅದಕ್ಕೆ ನಿಜವಾದ ರೀಡಿಂಗ್ ಬೇಕು. ಬಿಲ್ಲಿನಲ್ಲಿ ರೀಡಿಂಗ್ ಪಕ್ಕದಲ್ಲಿ ‘ಎಸ್ಟಿಮೇಟೆಡ್’ ಎಂದಿದೆಯೋ ‘ಆ್ಯಕ್ಚುವಲ್’ ಎಂದಿದೆಯೋ ಮೊದಲು ನೋಡು. ಗ್ಯಾಸ್ ಮೀಟರ್ ಘನ ಮೀಟರಿನದೋ ಹಳೆಯ ಘನ ಅಡಿಯದೋ ಎಂಬುದನ್ನೂ ನೋಡು. ಹೊಸ ಮೀಟರಿನ ಒಂದು ಯೂನಿಟ್ ಬಿಲ್ಲಿನಲ್ಲಿ ಸುಮಾರು 11 ಕಿಲೋವ್ಯಾಟ್ ಗಂಟೆಯಾದರೆ, ಹಳೆಯದರ ಒಂದು ಯೂನಿಟ್, ಅಂದರೆ ನೂರು ಘನ ಅಡಿ, ಸುಮಾರು 32 ಆಗುತ್ತದೆ; ಕಂಪನಿಯ ದಾಖಲೆಯಲ್ಲಿ ಹೊಸ ಮೀಟರನ್ನು ಹಳೆಯದೆಂದು ಬರೆದುಕೊಂಡಿದ್ದರೆ ಬಿಲ್ಲು ಹೆಚ್ಚುಕಡಿಮೆ ಮೂರು ಪಟ್ಟಾಗುತ್ತದೆ. ಜಮೆ ಹೆಚ್ಚಿದ್ದರೆ ವಾಪಸು ಕೇಳುವ ಹಕ್ಕು ನಿನಗಿದೆ. ದೂರು ಕೊಟ್ಟು ಎಂಟು ವಾರದಲ್ಲಿ ಬಗೆಹರಿಯದಿದ್ದರೆ ಇಂಥ ದೂರುಗಳನ್ನು ವಿಚಾರಿಸುವ ಎನರ್ಜಿ ಆಂಬಡ್ಸ್‌ಮನ್ ಹತ್ತಿರ ಹೋಗಬಹುದು, ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಬರೆದೇ ಕೇಳು, ಫೋನಿನಲ್ಲಿ ಆಡಿದ ಮಾತು ನಿಲ್ಲುವುದಿಲ್ಲ.

ಹೀಟಿಂಗನ್ನು ಮಾತ್ರ ಪೂರ್ತಿ ಬಂದ್ ಮಾಡಬೇಡ. ಮನೆ 18 ಡಿಗ್ರಿಗಿಂತ ಕೆಳಗೆ ಇಳಿಯಬಾರದೆಂದು ಇಲ್ಲಿಯ ವೈದ್ಯರು ಹೇಳುತ್ತಾರೆ. ನೀನು ಒಳಗೇ ಬಟ್ಟೆ ಒಣಗಿಸುತ್ತೀ. ತಣ್ಣಗಿನ ಗೋಡೆಗೆ ಆ ತೇವ ಕುಳಿತರೆ ಮಂಚದ ಹಿಂದೆ ಕಪ್ಪು ಬೂಷ್ಟು ಹಬ್ಬುತ್ತದೆ, ಮಗಳಿಗೆ ಕೆಮ್ಮು ಹತ್ತುತ್ತದೆ. ಯಾರೂ ಮಲಗದ ಕೋಣೆಯ ರೇಡಿಯೇಟರ್ ತಗ್ಗಿಸು, ಕಿಟಕಿಯ ಸಂದಿಗೆ ಪಟ್ಟಿ ಹಚ್ಚು. ಜನವರಿಯಲ್ಲಿ ನಿನ್ನ ಅತ್ತೆ ಮಾವ ಬರುತ್ತಾರೆಂದಿದ್ದೀ. ಅವರೂ ಚಳಿಯಾಗುತ್ತದೆಂದು ಬಾಯಿಬಿಟ್ಟು ಹೇಳುವುದಿಲ್ಲ. ಅದಕ್ಕೆ ಮೊದಲು, ಈ ವಾರದಲ್ಲೇ, ಎರಡೂ ಮೀಟರಿನ ಫೋಟೊ ತೆಗೆದು, ಹೋದ ತಿಂಗಳ ಬಿಲ್ಲಿನ ಎರಡನೆಯ ಪುಟದ ಜೊತೆ ನನಗೆ ಕಳುಹಿಸು. ಭಾನುವಾರ ಕುಳಿತು ಲೆಕ್ಕ ಹಾಕಿ ತಿಳಿಸುತ್ತೇನೆ.