ಮಹೆನೊ ಹಡಗಿಗೆ ಯಾವ ಬಣ್ಣ? ಮೊದಲು ಇಸವಿ ಗೊತ್ತು ಮಾಡಿಕೊಳ್ಳಿ

ಸರ್, ಬಾಲ್ಸಾ ಮರದಲ್ಲಿ 1:350 ಅಳತೆಯ, ಅಂದರೆ ನಿಜವಾದ ಹಡಗಿನ 350ರಲ್ಲಿ ಒಂದು ಪಾಲು ಉದ್ದದ, ಮಹೆನೊ ಹಡಗಿನ ಮಾಡೆಲ್ ಮಾಡುತ್ತಿದ್ದೀರಿ. ಒಂದು ಫೋಟೋದಲ್ಲಿ ಹಡಗಿನ ಮೈ ಕಪ್ಪಗಿದೆ, ಇನ್ನೊಂದರಲ್ಲಿ ಬೆಳ್ಳಗಿದೆ, ಯಾವುದು ಸರಿ, ಬಿಳಿ ಮೈ ಮೇಲಿನ ಹಸಿರು ಪಟ್ಟಿ ಏನು ಅಂತ ಕೇಳಿದ್ದೀರಿ. ಎರಡು ಫೋಟೋಗಳೂ ಸರಿ. ನಿಮ್ಮ ಮಾಡೆಲ್ ಯಾವ ವರ್ಷದ್ದು ಅನ್ನೋದನ್ನ ಮೊದಲು ತೀರ್ಮಾನಿಸಿ, ಬಣ್ಣ ತಾನಾಗಿಯೇ ಗೊತ್ತಾಗುತ್ತದೆ.

1905ರಲ್ಲಿ ಸ್ಕಾಟ್ಲೆಂಡಿನ ಡಂಬಾರ್ಟನ್‌ನಲ್ಲಿ ಡೆನ್ನಿ ಕಂಪನಿಯವರು ಇದನ್ನು ಕಟ್ಟಿದರು. ಉದ್ದ 400 ಅಡಿ, ಎರಡು ಚಿಮಣಿ, ಸ್ಟೀಮ್ ಟರ್ಬೈನ್ ಎಂಜಿನ್. ನ್ಯೂಜಿಲೆಂಡಿನ ಯೂನಿಯನ್ ಸ್ಟೀಮ್ ಶಿಪ್ ಕಂಪನಿಗೆ ಸೇರಿದ್ದು. ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಾ ನಡುವೆ ಪ್ರಯಾಣಿಕರನ್ನು ಸಾಗಿಸುತ್ತಿತ್ತು. ಆಗಿನ ಮೈ ಕಡು ಹಸಿರು, ಚಿಮಣಿ ಕೆಂಪು, ಅದರ ತುದಿ ಕಪ್ಪು. ಕಪ್ಪು-ಬಿಳುಪು ಫೋಟೋದಲ್ಲಿ ಆ ಹಸಿರೇ ಕಪ್ಪಾಗಿ ಕಾಣುವುದು.

ಬಿಳಿ ಮೈ 1915ರದ್ದು. ಮೊದಲ ಮಹಾಯುದ್ಧದಲ್ಲಿ ಟರ್ಕಿಯ ಗಲಿಪೊಲಿಯಲ್ಲಿ ಗಾಯಾಳುಗಳು ಜಾಸ್ತಿ ಆದಾಗ ಇದನ್ನೇ ಆಸ್ಪತ್ರೆ ಹಡಗು ಮಾಡಿದರು. ನ್ಯೂಜಿಲೆಂಡಿನ ಗವರ್ನರ್ ಲಾರ್ಡ್ ಲಿವರ್‌ಪೂಲ್ ಜನರಿಂದ ಹಣ, ಸಾಮಾನು ಕೂಡಿಸಿದರು. ಜುಲೈನಲ್ಲಿ ಹೊರಟು ಆಗಸ್ಟ್ 26ಕ್ಕೆ ಗಲಿಪೊಲಿಯ ಆನ್ಜಾಕ್ ಕೋವ್ ಅನ್ನೋ ಕಡಲತೀರದ ಮುಂದೆ ಲಂಗರು ಹಾಕಿತು. ಆಗ ಹಿಲ್ 60 ಅನ್ನೋ ಗುಡ್ಡಕ್ಕಾಗಿ ಕಾಳಗ ನಡೆಯುತ್ತಿತ್ತು. ಗಾಯಾಳುಗಳನ್ನು ದೋಣಿಗಳಲ್ಲಿ ತಂದು ಹಡಗಿಗೆ ಹತ್ತಿಸುತ್ತಿದ್ದರು.

ಆ ಹಡಗಿನಲ್ಲಿ ಲಾಟಿ ಲೆ ಗಲೇ ಅನ್ನೋ ನರ್ಸ್ ಇದ್ದರು. ಅವರ ತಮ್ಮ ಲೆಡ್ಡಿ ಗಲಿಪೊಲಿಯಲ್ಲೇ ಸೈನಿಕ. ಅವನನ್ನು ನೋಡಬಹುದು ಅನ್ನೋ ಆಸೆ ಅಕ್ಕನಿಗೆ. ಆದರೆ ಹಡಗು ತಲುಪುವ ಮೊದಲೇ, ಜುಲೈನಲ್ಲೇ ಅವನು ತೀರಿಕೊಂಡಿದ್ದ. ಆಕೆ ಬರೆದಿದ್ದ ಕಾಗದಗಳು ವಾಪಸ್ ಬಂದಾಗಲೇ ಸುದ್ದಿ ತಿಳಿದದ್ದು. ಆ ಡೆಕ್ಕಿನ ಕಟಕಟೆ ಕೂರಿಸುವಾಗ ನನಗೆ ಪ್ರತಿ ಸಲ ಆ ಅಕ್ಕನೇ ನೆನಪಾಗುತ್ತಾಳೆ.

ಈಗ ನೀವು ಕೇಳಿದ ಹಸಿರು ಪಟ್ಟಿ. ಇದನ್ನು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. 1907ರ ಹೇಗ್ ಒಪ್ಪಂದದ ಪ್ರಕಾರ ಆಗ ಸೇನೆಯ ಆಸ್ಪತ್ರೆ ಹಡಗಿನ ಮೈ ಬಿಳಿ ಇರಬೇಕಿತ್ತು, ಅಡ್ಡಕ್ಕೆ ಸುಮಾರು ಒಂದೂವರೆ ಮೀಟರ್ ಅಗಲದ ಹಸಿರು ಪಟ್ಟಿ ಇರಬೇಕಿತ್ತು. ಖಾಸಗಿ ಸೇವಾ ಸಂಸ್ಥೆಗಳ ಹಡಗಾದರೆ ಪಟ್ಟಿ ಕೆಂಪು. ಜೊತೆಗೆ ದೇಶದ ಬಾವುಟ, ಬಿಳಿ ಮೇಲೆ ಕೆಂಪು ಶಿಲುಬೆಯ ಬಾವುಟ. ಲೈಫ್‌ಬೋಟ್‌ಗಳಿಗೂ ಇದೇ ತರಹದ ಬಣ್ಣ. ಇದನ್ನು ಬಹಳ ಜನ ಮರೆತುಬಿಡುತ್ತಾರೆ. ‘ಇಲ್ಲಿ ಗಾಯಾಳುಗಳಿದ್ದಾರೆ, ಹೊಡೆಯಬೇಡಿ’ ಅಂತ ಶತ್ರುವಿಗೆ ದೂರದಿಂದಲೇ ಹೇಳುವ ಮಾತು ಅದು.

ಆ ಗುರುತು ಇಲ್ಲದಿದ್ದರೆ ಏನಾಗುತ್ತಿತ್ತು? 1915ರ ಅಕ್ಟೋಬರ್ 23ರಂದು ಮಾರ್ಕೆಟ್ (Marquette) ಅನ್ನೋ ಸಾಗಾಟದ ಹಡಗಿನಲ್ಲಿ ನ್ಯೂಜಿಲೆಂಡಿನ ನರ್ಸ್‌ಗಳನ್ನು ಸೈನಿಕರು, ಹೇಸರಗತ್ತೆಗಳ ಜೊತೆ ಕಳಿಸಿದ್ದರು. ಬಿಳಿ ಮೈ ಇಲ್ಲ, ಪಟ್ಟಿ ಇಲ್ಲ. ಜರ್ಮನ್ ಸಬ್‌ಮರೀನ್ ಟಾರ್ಪಿಡೊ ಬಿಟ್ಟಿತು. ಹತ್ತು ಜನ ನರ್ಸ್‌ಗಳು ಸತ್ತರು. ಗುರುತು ಇದ್ದ ಹಡಗುಗಳೆಲ್ಲ ಉಳಿದವು ಅಂತಲೂ ಅಲ್ಲ. 1918ರ ಜೂನ್ 27ರಂದು ಲ್ಯಾಂಡವರಿ ಕ್ಯಾಸಲ್ ಅನ್ನೋ ಆಸ್ಪತ್ರೆ ಹಡಗನ್ನೂ ಮುಳುಗಿಸಿದರು.

ನಿಮ್ಮ ಅಳತೆಯಲ್ಲಿ ಹಡಗು ಸುಮಾರು 34.8 ಸೆಂ.ಮೀ., ಪಟ್ಟಿ 4.3 ಮಿ.ಮೀ. ಮೊದಲು ಇಡೀ ಮೈಗೆ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಕೋಟ್), ಆಮೇಲೆ ಬಿಳಿ, ತೆಳುವಾಗಿ ನಾಲ್ಕೈದು ಕೋಟ್. ಅಪ್ಪಟ ಬಿಳಿ ಬೇಡ, ಒಂದು ಹನಿ ಬೂದು ಸೇರಿಸಿ, ಇಲ್ಲದಿದ್ದರೆ ಆಟದ ಸಾಮಾನಿನಂತೆ ಕಾಣುತ್ತದೆ. ಮಾಸ್ಕಿಂಗ್ ಟೇಪ್ ಅಂಟಿಸಿದ ಮೇಲೆ ಅದರ ಅಂಚಿನ ಮೇಲೆ ಮತ್ತೆ ಬಿಳಿಯನ್ನೇ ಹಚ್ಚಿ ಒಣಗಿಸಿ. ಸಂದಿಯಲ್ಲಿ ನುಗ್ಗುವುದು ಬಿಳಿ, ಹಸಿರು ಆಚೆ ಹರಿಯಲ್ಲ. ನಾನು ಮೊದಲ ಸಲ ಈ ಹಂತ ಬಿಟ್ಟು ಪಟ್ಟಿಯ ಅಂಚೆಲ್ಲ ಹಲ್ಲುಹಲ್ಲಾಗಿತ್ತು, ಪೂರ್ತಿ ಉಜ್ಜಿ ತೆಗೆಯಬೇಕಾಯಿತು. ಹಡಗಿನ ಮೈ ಮೇಲೆ ಕೆಂಪು ಶಿಲುಬೆ ಬರುವ ಕಡೆ ಪಟ್ಟಿ ತುಂಡಾಗಿ ಬಿಳಿ ಜಾಗ ಉಳಿಯಬೇಕು. ಶಿಲುಬೆಯನ್ನು ಕುಂಚದಲ್ಲಿ ಬಿಡಿಸಲು ಹೋಗಬೇಡಿ. ಮಾಡೆಲ್ ಮೇಲೆ ಅಂಟಿಸುವ ಕೆಂಪು ಡೆಕಾಲ್ ಹಾಳೆಯಿಂದ ಕತ್ತರಿಸಿ, ನಾಲ್ಕೂ ತೋಳು ಸಮ ಇರಲಿ.

1916ರಲ್ಲಿ ಮಹೆನೊ ಇದೇ ಬಣ್ಣದಲ್ಲಿ ಸೊಮ್ ಕಾಳಗದ ಗಾಯಾಳುಗಳನ್ನು ಫ್ರಾನ್ಸಿನಿಂದ ಇಂಗ್ಲೆಂಡಿಗೆ ತಂದಿತು. ಯುದ್ಧ ಮುಗಿದ ಮೇಲೆ ಮತ್ತೆ ಪ್ರಯಾಣಿಕರ ಕೆಲಸ. 1935ರಲ್ಲಿ ಜಪಾನಿನ ಗುಜರಿಗೆ ಮಾರಿ, ಊನಾ ಅನ್ನೋ ಹಡಗಿಗೆ ಕಟ್ಟಿ ಎಳೆದೊಯ್ಯುವಾಗ ಬಿರುಗಾಳಿಗೆ ಹಗ್ಗ ತುಂಡಾಯಿತು. ಆಸ್ಟ್ರೇಲಿಯಾದ ಕ್ಗಾರಿ ದ್ವೀಪದ ಮರಳಿಗೆ ಬಂದು ಕೂತಿತು. ಎರಡನೇ ಮಹಾಯುದ್ಧದಲ್ಲಿ ಅದರ ಮೇಲೆ ಬಾಂಬ್ ಹಾಕಿ ಅಭ್ಯಾಸ ಮಾಡಿದರು. ಆ ತುಕ್ಕು ಹಿಡಿದ ಅಸ್ಥಿಪಂಜರ ಈಗಲೂ ಅಲ್ಲೇ ಇದೆ. ಅದನ್ನೂ ಮಾಡಬಹುದು, ಆದರೆ ನಿಮ್ಮ ಬಾಲ್ಸಾ ಇಷ್ಟು ನುಣುಪಾಗಿ ಬಂದಿರುವಾಗ 1915ರದ್ದನ್ನೇ ಮಾಡಿ. ಹಸಿರು ಹಚ್ಚುವ ಮುಂಚೆ ಟೇಪ್ ಅಂಟಿಸಿದ ಫೋಟೋ ಇಲ್ಲಿ ಹಾಕಿ, ಪಟ್ಟಿ ನೇರ ಇದೆಯಾ ನೋಡಿ ಹೇಳುತ್ತೇನೆ.